ಹಳದಿಯಿಂದ ನೀಲಿಗೆ

ಮಾರ್ಚ್ 3, ಸೋಮವಾರ

ನಮ್ಮ ವಂಶದಲ್ಲೇ ನನ್ನಷ್ಟು ಹಟಮಾರಿ ಇನ್ನೊಬ್ಬರಿಲ್ಲ ಎಂದು ನಮ್ಮ ಯಜಮಾನರು ಆಡಿಕೊಳ್ಳುತ್ತಿದ್ದರು. ಇವತ್ತು ತಂಗಿಯ ಕೋಣೆಗೆ ನನ್ನ ಜೊತೆ ಬಂದು, ವಾಪಸ್ಸು ಮೆಟ್ಟಿಲಿಳಿಯುವಾಗ ಆ ಮಾತನ್ನು ಹಿಂದೆ ತೆಗೆದುಕೊಂಡರು.

ತಂಗಿಯ ಎರಡೂ ಕಿಡ್ನಿ ಕೆಟ್ಟಿವೆ. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್ ಕುರ್ಚಿ. ಉಳಿದ ದಿನ ಕನ್ನಡಕದ ಕಾರ್ಖಾನೆಯಲ್ಲಿ ಗಾಜು ಉಜ್ಜುತ್ತಾಳೆ, ಅದರ ಮೇಲಿನ ಮಹಡಿಯ ಕೋಣೆಯಲ್ಲೇ ಮಲಗುತ್ತಾಳೆ. ನನ್ನದು ಸಕ್ಕರೆ ಕಾಯಿಲೆಯ ಮೈ, ಡಾಕ್ಟರು ಮೊದಲ ದಿನವೇ ತಲೆ ಅಲ್ಲಾಡಿಸಿಬಿಟ್ಟರು. ಅಣ್ಣನದು ಎಲ್ಲವೂ ಹೊಂದಿದೆ. ಕೊಡುತ್ತೇನೆ ಎಂದೂ ಹೇಳಿದ್ದಾನೆ. ಏಪ್ರಿಲ್ ಒಂಬತ್ತಕ್ಕೆ ಅವನೂ ಇವಳೂ ಆಸ್ಪತ್ರೆಯ ಸಮಿತಿಯ ಮುಂದೆ ಒಟ್ಟಿಗೆ ಕೂತು, ಇದು ನಮ್ಮಿಷ್ಟ ಎಂದು ಒಪ್ಪಿಸಬೇಕು. ಅಲ್ಲಿಯವರೆಗೆ ಇವಳು ಕುರ್ಚಿ ತಪ್ಪಿಸದೆ ಜೀವ ಹಿಡಿದುಕೊಂಡಿರಬೇಕು.

ಇಬ್ಬರೂ ಮಾತು ಬಿಟ್ಟು ವರ್ಷಗಳಾದವು, ಅದೇ ಕರ್ಮ. ಅಪ್ಪ ಐಸಿಯುನಲ್ಲಿದ್ದಾಗ ಉಸಿರಾಟದ ಯಂತ್ರ ತೆಗೆಯಲು ಅಣ್ಣ ಸಹಿ ಹಾಕಿದ. ತಂಗಿ ಬಂದು ತಲುಪಿದ್ದು ಮರುದಿನ ಬೆಳಿಗ್ಗೆ. ನನ್ನನ್ನು ಒಂದು ಮಾತು ಕೇಳಲಿಲ್ಲ ಎಂದು ಅವತ್ತು ಹೇಳಿದವಳು ಇವತ್ತೂ ಅದನ್ನೇ ಹೇಳುತ್ತಾಳೆ. ಸಹಿ ಹಾಕುವಾಗ ನಾನೂ ಪಕ್ಕದಲ್ಲೇ ನಿಂತಿದ್ದೆ. ಬೈಗುಳವೆಲ್ಲ ಅಣ್ಣನ ಪಾಲಿಗೆ ಹೋಯಿತು.

"ಅವನ ಕಿಡ್ನಿ ಬೇಕು, ಅವನ ಮಾತು ಬೇಡ ಅಂದ್ರೆ ಹೇಗೇ?" ಎಂದೆ.

"ಮಾತು ಬೇಡ ಅಂದೆನಾ? ಫೋನ್ ಬೇಡ ಅಂದೆ. ಅವನ ಗಂಟಲು ಕೇಳಿದ್ರೆ ನನಗೆ ಆ ಐಸಿಯು ಬಾಗಿಲೇ ಕಣ್ಮುಂದೆ ಬರುತ್ತೆ. ಬರೀಲಿ. ನಿನ್ನ ಬಾಯಲ್ಲಿ ಹೇಳಿಸೋದೂ ಬೇಡ ಅಕ್ಕ. ಅವನೇ ಬರೀಲಿ, ನಾನೇ ಓದ್ತೀನಿ."

ಬರೆಯುವುದಾದರೂ ಎಲ್ಲಿ? ಅಣ್ಣ ಇರುವುದು ಎಲ್ಲರೂ ಇರುವ ಹಳದಿ ಆ್ಯಪ್‌ನಲ್ಲಿ. ಜಗಳವಾದಾಗ ಬಂಧುಬಳಗವೆಲ್ಲ ಅಲ್ಲೇ ಬುದ್ಧಿ ಹೇಳಲು ಬಂದರೆಂದು ತಂಗಿ ಅದನ್ನು ಕಿತ್ತುಹಾಕಿ, ಕಾರ್ಖಾನೆಯವರು ಬಳಸುವ ನೀಲಿ ಆ್ಯಪ್‌ಗೆ ಹೋದಳು. ಮತ್ತೆ ಹಳದಿ ಹಾಕಿಕೋ ಎಂದರೆ, "ಸತ್ರೂ ಇಲ್ಲ". ಅಣ್ಣನಿಗೆ ಫೋನ್ ಮಾಡಿ ನೀನಾದರೂ ನೀಲಿ ಹಾಕಿಕೋ ಎಂದರೆ, "ಬಿಟ್ಟು ಹೋದೋಳು ಅವಳು, ಅವಳೇ ಬರ್ಲಿ." ಮೈಯೊಳಗಿನ ಕಿಡ್ನಿ ಕೊಡಲು ತಯಾರು, ಫೋನಿನಲ್ಲಿ ಒಂದು ಆ್ಯಪ್ ಹಾಕಲು ತಯಾರಿಲ್ಲ! ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಮಾರ್ಚ್ 6, ಗುರುವಾರ

ಬಸ್ ಡಿಪೋದ ಕಂಪ್ಯೂಟರ್ ವಿಭಾಗದಲ್ಲಿ ಇಷ್ಟು ವರ್ಷ ಸವೆದದ್ದು ಎಲ್ಲಿಗಾದರೂ ಉಪಯೋಗಕ್ಕೆ ಬರಬೇಡವೇ? ಡಿಪೋದವರು ಗುಜರಿಗೆಂದು ಬರೆದುಹಾಕಿದ್ದ ಹಳೇ ಕಂಪ್ಯೂಟರನ್ನು ಮೇಲಧಿಕಾರಿಗಳ ಒಪ್ಪಿಗೆ ಪಡೆದು ಮನೆಗೆ ತಂದೆ. ಮುಚ್ಚಳವಿಲ್ಲ, ಹೊಟ್ಟೆ ಬಿಚ್ಚಿಕೊಂಡು ಕೂತಿದೆ. ಇಸ್ತ್ರಿ ಮಾಡುವ ಮೂಲೆಯಲ್ಲಿ ಇಟ್ಟೆ. ಇದರ ಮೇಲೊಂದು ಸೇತುವೆ ಕಟ್ಟಬೇಕು. ಅಣ್ಣ ಹಳದಿಯಲ್ಲಿ ಬರೆದದ್ದನ್ನು ಎತ್ತಿ ನೀಲಿಯಲ್ಲಿ ಹಾಕುವುದು, ತಂಗಿ ನೀಲಿಯಲ್ಲಿ ಬರೆದದ್ದನ್ನು ಎತ್ತಿ ಹಳದಿಯಲ್ಲಿ ಹಾಕುವುದು, ಇಷ್ಟೇ ಅದರ ಕೆಲಸ. ಇಬ್ಬರೂ ತಮ್ಮ ತಮ್ಮ ಜಾಗ ಬಿಟ್ಟು ಕದಲಬೇಕಾಗಿಲ್ಲ. ಇಂಥದ್ದಕ್ಕೆ ಬೇಕಾದ ಸಾಫ್ಟ್‌ವೇರ್ ಯಾರೋ ಪುಣ್ಯಾತ್ಮರು ಬರೆದು ಬಿಟ್ಟಿಯಾಗಿ ಇಟ್ಟಿದ್ದಾರೆ. ಅದನ್ನು ಹೊಂದಿಸುವವರು ಯಾವ ಪಾಪ ಮಾಡಿದ್ದರೋ ಗೊತ್ತಿಲ್ಲ. ರಜೆ ಹಾಕಿ ಇಡೀ ಹಗಲು ಕೂತೆ. ಒಂದನ್ನು ಸರಿಮಾಡಿದರೆ ಇನ್ನೊಂದು ಮುನಿಸಿಕೊಳ್ಳುತ್ತದೆ, ಥೇಟ್ ನಮ್ಮ ಮನೆಯವರೇ.

ಅಣ್ಣನ ಖಾತೆಯನ್ನು ಜೋಡಿಸಲು ಅವನ ಫೋನಿಗೆ ಬರುವ ಅಂಕಿ ಬೇಕು. ಬಂದರಿನಲ್ಲಿ ಕ್ರೇನ್ ಓಡಿಸುವವನು, ಆಕಾಶದಲ್ಲಿ ನೇತಾಡುವ ಪೆಟ್ಟಿಗೆಯಲ್ಲಿ ಕೂತಿದ್ದ. ಒಂದೊಂದೇ ಅಂಕಿ ಕೂಗಿ ಹೇಳಿದ.

"ಇದರಿಂದ ನನ್ನ ಮಾತೆಲ್ಲ ನಿನಗೂ ಕಾಣುತ್ತಾ?" ಎಂದು ಕೇಳಿದ.

"ಕಾಣುತ್ತೆ. ಆದ್ರೆ ನೋಡಲ್ಲ ಬಿಡು. ನಿಮ್ಮಿಬ್ಬರ ಪುರಾಣ ಓದೋಕೆ ನನಗೇನು ಬೇರೆ ಕೆಲಸ ಇಲ್ವಾ?"

ಮಾರ್ಚ್ 8, ಶನಿವಾರ

ಆಯಿತು! ನಡೆಯಿತು!

ಅಣ್ಣ ಮೊದಲ ಮೆಸೇಜ್ ಹಾಕಿದ. "ಹೇಗಿದ್ದೀಯ?" ಅದು ನೀಲಿಗೆ ಹೋಯಿತು. ನೀಲಿಯಲ್ಲಿ ಬಂದದ್ದನ್ನು ಸೇತುವೆ ಹೊಸ ಮಾತೆಂದುಕೊಂಡು ಮತ್ತೆ ಹಳದಿಗೆ ಹಾಕಿತು. ಹಳದಿಯಿಂದ ಮತ್ತೆ ನೀಲಿಗೆ. ನಾನು ಒಲೆ ಆರಿಸಿ ಓಡಿಬರುವಷ್ಟರಲ್ಲಿ ತಂಗಿಯ ಫೋನಿನ ತುಂಬಾ ಹೇಗಿದ್ದೀಯ, ಹೇಗಿದ್ದೀಯ, ಹೇಗಿದ್ದೀಯ. ಪ್ಲಗ್ ಕಿತ್ತೆ.

ತಂಗಿ ಡಯಾಲಿಸಿಸ್ ಕುರ್ಚಿಯಿಂದಲೇ ಫೋನ್ ಮಾಡಿದಳು. ನಗು ತಡೆಯಲಾಗದೆ ಕೆಮ್ಮುತ್ತಿದ್ದಳು. "ಅಕ್ಕ, ಇಷ್ಟು ವರ್ಷದ್ದೆಲ್ಲ ಒಂದೇ ಸಲ ಕೇಳ್ತಿದ್ದಾನೆ ಕಣೆ! ನರ್ಸು ಬಂದು ಯಾರಮ್ಮ ಅದು ಅಂದ್ಳು. ನಮ್ಮಣ್ಣ ಅಂದೆ."

ನಮ್ಮಣ್ಣ ಎಂದಳು. ಫೋನಿಟ್ಟ ಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಆಮೇಲೆ ಕೂತು, ತಾನು ಹಾಕಿದ್ದನ್ನು ತಾನೇ ಎತ್ತಬಾರದು ಎಂದು ಆ ಮೂರ್ಖ ಯಂತ್ರಕ್ಕೆ ಕಲಿಸಿದೆ.

ಮಾರ್ಚ್ 13, ಗುರುವಾರ

ಚೆನ್ನಾಗಿ ನಡೆಯುತ್ತಿದೆ. ಅವನು ಕ್ರೇನಿನ ಮೇಲಿಂದ ಹಡಗಿನ ಫೋಟೋ ಕಳಿಸುತ್ತಾನೆ, ಅವಳು ಉಜ್ಜಿದ ಗಾಜಿನ ಫೋಟೋ ಕಳಿಸುತ್ತಾಳೆ. ನೀರು ಎಷ್ಟು ಕುಡಿಯಬಹುದು ಎಂದು ಇವನು ಕೇಳಿದ್ದಕ್ಕೆ, "ಒಂದು ಲೋಟ. ನೀನು ನನ್ನ ಪಾಲಿನದ್ದೂ ಕುಡಿದು ಕಿಡ್ನೀನ ಚೆನ್ನಾಗಿ ತೊಳೆದಿಡು" ಎಂದು ಬರೆದಿದ್ದಾಳೆ. ಅಪ್ಪನ ವಿಷಯ ಇಬ್ಬರೂ ಎತ್ತಿಲ್ಲ.

ಓದುವುದಿಲ್ಲ ಎಂದಿದ್ದೆ ನಿಜ. ಸರಿಯಾಗಿ ದಾಟುತ್ತಿದೆಯೋ ಇಲ್ಲವೋ ಎಂದು ಯಾರಾದರೂ ನೋಡಬೇಕಲ್ಲ.

ಮಾರ್ಚ್ 15, ಶನಿವಾರ

ಹಾಳಾಯಿತು.

ತಂಗಿ ನಿನ್ನೆ ಕೇಳಿಯೇ ಬಿಟ್ಟಿದ್ದಾಳೆ, ಅವತ್ತು ಬೆಳಿಗ್ಗೆಯವರೆಗೆ ಕಾಯೋಕೆ ಏನಾಗಿತ್ತು ಎಂದು. ಅಣ್ಣ ಸಿಟ್ಟಿನಲ್ಲಿ ಬರೆದ: "ತಿಂಗಳುಗಟ್ಟಲೆ ಮಲ ಮೂತ್ರ ಬಳಿದೋನು ನಾನು. ನೀನೆಲ್ಲಿದ್ದೆ? ಕೊನೇಲಿ ಬಂದು ಅಳೋಕೆ ಹಕ್ಕು ಕೇಳಬೇಡ." ಬರೆದ ಮರುಕ್ಷಣವೇ ಅಳಿಸಿದ್ದಾನೆ, ಪಾಪ. ಆದರೆ ಹಳದಿಯಲ್ಲಿ ಅಳಿಸಿದ್ದು ನೀಲಿಯಲ್ಲಿ ಅಳಿಯುವುದಿಲ್ಲ. ಅದನ್ನು ನಾನು ಹೊಂದಿಸಿಯೇ ಇರಲಿಲ್ಲ. ಅವನ ಫೋನಿನಲ್ಲಿ ಇಲ್ಲದ ಮಾತು ಇವಳ ಫೋನಿನಲ್ಲಿ ಕಲ್ಲಿನಂತೆ ಕೂತಿತ್ತು.

ಬೆಳಿಗ್ಗೆ ನಾನೇ ಅವಳನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಿದ್ದೆ. ಅರ್ಧಕ್ಕೇ ಸೂಜಿ ತೆಗೆಸಿಕೊಂಡು ಎದ್ದಳು. ನರ್ಸು ಬೇಡ ಬೇಡ ಎನ್ನುತ್ತಿದ್ದರೂ ಕೇಳಲಿಲ್ಲ. ಆಟೋದಲ್ಲಿ ಅವಳ ಕೋಣೆಗೆ ವಾಪಸ್ಸು ಬಂದೆವು. ಕಾಲು ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ, ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ನನಗೆ ಹೆದರಿಕೆಯಾಯಿತು. ಅಣ್ಣನ ಮೇಲೆ ಕೊಲ್ಲುವಷ್ಟು ಸಿಟ್ಟು ಬಂತು.

ಮಾರ್ಚ್ 16, ಭಾನುವಾರ

ಸೇತುವೆಗೆ ಒಂದು ಗೇಟು ಹಾಕಿದೆ. ಇನ್ನು ಮೇಲೆ ಯಾರು ಏನೇ ಬರೆದರೂ ಮೊದಲು ನನ್ನ ಹತ್ತಿರ ಬಂದು ನಿಲ್ಲುತ್ತದೆ. ಕೆಳಗೆ ಎರಡು ಗುಂಡಿ, ಕಳಿಸು, ತಡೆ. ನಾನು ಒತ್ತಿದ ಮೇಲೆಯೇ ದಾಟುವುದು. ಅಳಿಸಬೇಕೆನಿಸಿದರೆ ಅವರಿಗೂ ಒಂದಿಷ್ಟು ವ್ಯವಧಾನ ಸಿಕ್ಕಂತಾಯಿತು. ಸಮಿತಿ ಮುಗಿಯುವವರೆಗೆ ಮಾತ್ರ. ಇಬ್ಬರಿಗೂ ಹೇಳಿಲ್ಲ, ಹೇಳಿದರೆ ಅದಕ್ಕೂ ಒಂದು ಜಗಳ.

ತಂಗಿಗೆ ಅಣ್ಣನ ಕ್ಷಮೆಯ ಮೆಸೇಜ್ ದಾಟಿಸಿದೆ. ಅವಳು ಮಂಗಳವಾರ ಕುರ್ಚಿಗೆ ಹೋಗುತ್ತಾಳಂತೆ.

ಮಾರ್ಚ್ 19, ಬುಧವಾರ

ಅಣ್ಣನಿಗೆ ಬರೆಯಲು ಬರುವುದಿಲ್ಲ. ಮರದ ಹಲಗೆ ಮುರಿದಂತೆ ಬರೆಯುತ್ತಾನೆ. "ಔಷಧಿ ತಗೋ. ಹೊತ್ತಿಗೆ ಮಲಗು." ಇದನ್ನು ಓದಿದವರಿಗೆ ಪ್ರೀತಿ ಎಂದು ಹೇಗೆ ತಿಳಿಯಬೇಕು? ಹಿಂದೆ ಮುಂದೆ ನೋಡದೆ ಮೊದಲಿಗೆ "ಮರಿ" ಎಂದು ಸೇರಿಸಿ ಕಳಿಸಿದೆ. "ಮರಿ, ಔಷಧಿ ತಗೋ."

ಸಂಜೆ ಹಣ್ಣು ಕೊಡಲು ಹೋದಾಗ ತಂಗಿ ಫೋನು ತೋರಿಸಿದಳು. "ನೋಡೆ. ಚಿಕ್ಕೋಳಿದ್ದಾಗಲೂ ಹೀಗೆ ಕರೆದೋನಲ್ಲ." ಮುಖದಲ್ಲಿ ಬಣ್ಣ ಬಂದಿತ್ತು. ಒಂದು ಪದ ಸೇರಿಸಿದ್ದಕ್ಕೆ ಇಷ್ಟು ಫಲ ಸಿಗುವುದಾದರೆ ಅದರಲ್ಲಿ ತಪ್ಪೇನಿದೆ?

ಮಾರ್ಚ್ 22, ಶನಿವಾರ

ಇವರಿಗೆ ಗೇಟಿನ ವಿಷಯ ಹೇಳಿದೆ. ಶಾಲೆಯ ಡ್ರಾಯಿಂಗ್ ಮೇಷ್ಟ್ರು, ಮಕ್ಕಳ ಚಿತ್ರವನ್ನೂ ತಿದ್ದದೆ ಹಾಗೇ ಬಿಡುವ ಪೈಕಿ. ಕೇಳಿ, ಚಹಾದ ಲೋಟ ಕೆಳಗಿಟ್ಟರು.

"ಸೇತುವೆ ಅಂದೆ. ಇದು ಚೆಕ್‌ಪೋಸ್ಟ್ ಅಲ್ವೇನೇ?"

"ನಿಮಗೇನ್ರೀ ಗೊತ್ತು? ಅವಳು ಸೂಜಿ ಕಿತ್ಕೊಂಡು ಎದ್ದು ಬಂದಾಗ ಜೊತೇಲಿದ್ದೋಳು ನಾನು."

"ಅದು ಸರಿ. ಆದ್ರೂ ಅವರಿಗೊಂದು ಮಾತು ಹೇಳಬಹುದಿತ್ತು."

ಹೊರಗೆ ನಿಂತು ನ್ಯಾಯ ಹೇಳುವುದು ಎಲ್ಲರಿಗೂ ಸುಲಭ.

ಅಣ್ಣ ಫೋನ್ ಮಾಡಿದ. ತನ್ನ ಮೆಸೇಜಿನ ಕೆಳಗೆ ಓದಿದ ಗುರುತು ಬೀಳುತ್ತದೆ, ಉತ್ತರ ಮಾತ್ರ ಬರುವುದಿಲ್ಲ ಎಂದ. ಸೇತುವೆ ಮೆಸೇಜನ್ನು ಎತ್ತಿಕೊಂಡ ಕೂಡಲೇ ಆ ಗುರುತು ಬೀಳುತ್ತದೆ, ತಂಗಿ ನೋಡಿರಲಿ ಬಿಡಲಿ. ಅದನ್ನು ಸರಿಪಡಿಸಬಹುದು. ಸರಿಪಡಿಸಿದರೆ ಇಷ್ಟು ಹೊತ್ತು ಯಾಕೆ ಓದಿಲ್ಲ, ಎಲ್ಲಿ ನಿಂತಿದೆ ಎಂದು ಇನ್ನೊಂದು ತನಿಖೆ ಶುರುವಾಗುತ್ತದೆ.

"ಸುಸ್ತಾಗಿರ್ತಾಳೆ ಬಿಡು ಅಣ್ಣ," ಎಂದೆ.

ಮಾರ್ಚ್ 25, ಮಂಗಳವಾರ

ಈ ಅಣ್ಣನಿಗೆ ಈಗ ಬರಬೇಕೇ ಭಯ?

ಬರೆದಿದ್ದಾನೆ: "ರಾತ್ರಿ ನಿದ್ದೆ ಬರ್ತಿಲ್ಲ. ಒಂದು ಕಿಡ್ನಿ ಇದ್ದೋನ್ನ ಕ್ರೇನ್ ಮೇಲೆ ಹತ್ತೋಕೆ ಬಿಡ್ತಾರೋ ಇಲ್ವೋ ಗೊತ್ತಿಲ್ಲ. ನಿಮ್ಮ ಅತ್ತಿಗೆ ಅಳ್ತಾಳೆ. ಕೊಡಲ್ಲ ಅಂತ ಅಲ್ಲ. ಭಯ ಆಗ್ತಿದೆ ಅಂತ ನಿನಗಲ್ಲದೆ ಯಾರಿಗೆ ಹೇಳ್ಲಿ?"

ಯಾರಿಗಾದರೂ ಹೇಳು ಮಾರಾಯ, ಅವಳಿಗೆ ಬೇಡ! ತಡೆದೆ. ಅದರ ಬದಲು, "ರಜೆ ಕೇಳಿದ್ದೀನಿ ಮರಿ, ಸಿಗುತ್ತೆ" ಎಂದು ಬರೆದು ಕಳಿಸಿದೆ.

ಅರ್ಧ ಗಂಟೆಗೆ ತಂಗಿಯ ಕಡೆಯಿಂದ ಬಂತು: "ಅಣ್ಣ, ನೀನು ಇಷ್ಟು ಧೈರ್ಯವಾಗಿ ಬರೆದಷ್ಟೂ ನನಗೆ ಅನುಮಾನ. ನಿನಗೆ ಭಯ ಆಗಲ್ವಾ? ಬೇಡ ಅನ್ನಿಸಿದ್ರೆ ಬೇಡ ಅನ್ನು. ನನಗೆ ಕೋಪ ಬರಲ್ಲ. ನಿನ್ನನ್ನ ಕೇಳದೆ ನಿನ್ನ ಮೈಯಿಂದ ಏನೂ ತಗೊಳ್ಳೋದು ನನಗಿಷ್ಟ ಇಲ್ಲ."

ಇದನ್ನು ಅಣ್ಣ ನೋಡಿದರೆ ಮುಗಿಯಿತು, ಒಂದು ನೆಪ ಸಿಕ್ಕಂತಾಗುತ್ತದೆ. ಅದನ್ನೂ ತಡೆದೆ. ಅವನಿಗೆ ಅವಳ ಹೆಸರಲ್ಲಿ, "ನೀನು ಬರ್ತೀಯ ಅನ್ನೋ ಧೈರ್ಯದ ಮೇಲೇ ಇದ್ದೀನಿ ಅಣ್ಣ" ಎಂದು ಬರೆದೆ. ಅವಳ ಮನಸ್ಸಿನಲ್ಲಿರುವುದು ಅದೇ ತಾನೆ. ಹೇಳಲು ಬಾರದ್ದನ್ನು ನಾನು ಹೇಳಿದೆ ಅಷ್ಟೇ.

ಇವತ್ತು ಮೈಕೈ ಎಲ್ಲ ನೋವು. ಇಬ್ಬರಿಗೋಸ್ಕರ ಇಬ್ಬರಾಗಿ ಬರೆಯುವುದೇನು ಸಾಮಾನ್ಯವೇ?

ಮಾರ್ಚ್ 28, ಶುಕ್ರವಾರ

ಒಂದನೇ ತಾರೀಖಿನಿಂದ ಬಸ್ ದರ ಏರುತ್ತದಂತೆ, ಇವತ್ತು ಹೇಳುತ್ತಾರೆ. ಡಿಪೋದ ಒಂದೊಂದು ಟಿಕೆಟ್ ಯಂತ್ರಕ್ಕೂ ಹೊಸ ದರ ತುಂಬಬೇಕು. ಶನಿವಾರ, ಭಾನುವಾರ ರಜೆ ಇಲ್ಲ. ನಾಳೆ ತಂಗಿಯ ಜೊತೆ ಡಯಾಲಿಸಿಸ್‌ಗೆ ಹೋಗಲಾಗುವುದಿಲ್ಲ. "ಒಬ್ಬಳೇ ಹೋಗ್ತೀನಿ ಬಿಡೆ, ನಾನೇನು ಮಗುನಾ?" ಎಂದಳು.

ಮಧ್ಯಾಹ್ನದಿಂದ ಸೇತುವೆಯ ಗಂಟೆ ಟಿಂಗ್ ಟಿಂಗ್ ಎನ್ನುತ್ತಲೇ ಇತ್ತು. ಅವಳಿಗೆ ಬೇಜಾರಂತೆ, ಇವನಿಗೆ ಎದೆ ಡವಡವ ಅಂತೆ. ನನಗೆ ರೇಗಿಹೋಯಿತು. ಗಂಟೆಯ ಬಾಯಿ ಮುಚ್ಚಿಸಿದೆ. ಈ ಕೆಲಸ ಮುಗಿಯುವವರೆಗೆ ಯಾರದ್ದೂ ನೋಡುವುದಿಲ್ಲ. ನಾಲ್ಕು ದಿನ ಮಾತಾಡದಿದ್ದರೆ ಯಾರೂ ಸಾಯುವುದಿಲ್ಲ. ನಾನೂ ಮನುಷ್ಯಳೇ.

ಮಾರ್ಚ್ 30, ಭಾನುವಾರ

ಡಿಪೋದಿಂದ ತಂಗಿಗೆ ಫೋನ್ ಮಾಡಿದೆ. ನಿನ್ನೆ ಹೋಗಿದ್ದೆಯಾ ಎಂದೆ. ಹೂಂ ಎಂದಳು. ದನಿ ಸಣ್ಣಗಿತ್ತು. "ಅಣ್ಣ ಏನಾದ್ರೂ ಹೇಳಿದ್ನಾ ನಿನಗೆ?" ಎಂದು ಕೇಳಿದಳು. ಇಲ್ಲವಲ್ಲ ಎಂದೆ. ಅಷ್ಟರಲ್ಲಿ ಕಂಡಕ್ಟರುಗಳ ಗುಂಪು ಬಂತು, ಇಟ್ಟುಬಿಟ್ಟೆ.

ಏಪ್ರಿಲ್ 1, ಮಂಗಳವಾರ

ಬರೆಯಲು ಕೈ ಬರುತ್ತಿಲ್ಲ. ಬರೆಯದೆಯೂ ಇರಲಾಗುತ್ತಿಲ್ಲ.

ಸಂಜೆ ಐದಕ್ಕೆ ಡಿಪೋದ ಕೆಲಸ ಮುಗಿಯಿತು. ಎಲ್ಲ ಬಸ್ಸೂ ಹೊಸ ದರದಲ್ಲಿ ಓಡುತ್ತಿದ್ದವು. ಮನೆಗೆ ಬಂದು ಕೈಕಾಲು ತೊಳೆದು, ಸರಿ ಇನ್ನು ಅಣ್ಣ ತಂಗಿಯರ ಕಥೆ ನೋಡೋಣ ಎಂದು ಗೇಟು ತೆರೆದೆ. ಶುಕ್ರವಾರದ ಗೋಳಾಟದ ಕೆಳಗೆ ಎರಡು ಮೆಸೇಜ್ ಇದ್ದವು, ಒಂದರ ಕೆಳಗೆ ಒಂದು. ಎರಡೂ ಶನಿವಾರ ಬೆಳಿಗ್ಗೆಯವು.

ತಂಗಿಯದು: "ಅಣ್ಣ, ನಿಜ ಹೇಳು, ನೀನು ಬರ್ತೀಯಾ? ಬರ್ತೀನಿ ಅಂದ್ರೆ ಇವತ್ತೂ ಕುರ್ಚಿಗೆ ಹೋಗ್ತೀನಿ, ಒಂಬತ್ತರವರೆಗೂ ಹೋಗ್ತೀನಿ. ಇಲ್ಲಾಂದ್ರೆ ನನ್ನ ಕೈಲಿ ಆಗಲ್ಲ. ತೋಳೆಲ್ಲ ಕಪ್ಪಾಗಿದೆ. ಒಂದು ಮಾತು ಹೇಳು, ಸಾಕು."

ಅಣ್ಣನದು: "ಟಿಕೆಟ್ ತಗೊಂಡೆ. ಭಯ ಹೋಗಿಲ್ಲ, ಭಯ ಇಟ್ಕೊಂಡೇ ಬರ್ತೀನಿ. ಅಪ್ಪನ ವಿಷಯದಲ್ಲಿ ನಿನ್ನನ್ನ ಕೇಳಲಿಲ್ಲ. ತಪ್ಪು ನಂದೇ. ಈ ಸಲ ಕೇಳ್ತಿದ್ದೀನಿ. ಬರಲಾ?"

ನಾನು ಮೊದಲು ಅಣ್ಣನದನ್ನು ಒತ್ತಿದೆ. ಅದು ನೀಲಿಗೆ ಹೋಯಿತು. ಅವಳದನ್ನು ಒತ್ತಬೇಕೆನ್ನುವಷ್ಟರಲ್ಲಿ ಫೋನ್ ಬಂತು. ಕನ್ನಡಕದ ಕಾರ್ಖಾನೆಯ ಯಜಮಾನರು.

"ಅಮ್ಮಾ, ಬೇಗ ಬನ್ನಿ. ನಿಮ್ಮ ತಂಗಿ ಮೇಲೆ ಮಲಗಿದ್ದೋರು ಎದ್ದಿಲ್ಲ. ಬಾಗಿಲು ಒಡೆಸಿದ್ದೀವಿ."

ಇವರ ಸ್ಕೂಟರಿನಲ್ಲಿ ಹೋದೆ. ಚಾಪೆಯ ಮೇಲಿದ್ದಳು. ಮೈ ಆಗಲೇ ತಣ್ಣಗಾಗಿತ್ತು. ತಲೆಯ ಹತ್ತಿರ ಫೋನಿತ್ತು, ಅದರ ಮೇಲೆ ಅಣ್ಣನ ಮೆಸೇಜ್ ಬಂದ ದೀಪ ಮಿನುಗುತ್ತಿತ್ತು. ಶನಿವಾರವೂ ಹೋಗಿಲ್ಲ, ಇವತ್ತೂ ಹೋಗಿಲ್ಲವಂತೆ. ರಕ್ತದಲ್ಲಿ ವಿಷ ಏರಿ ಎದೆ ನಿಂತಿದೆ ಎಂದರು ಡಾಕ್ಟರು. ನನಗೆ ಹೂಂ ಎಂದಿದ್ದಳಲ್ಲ. ಯಾಕೆ ಹೂಂ ಎಂದಳು? ನನಗೆ ಯಾಕೆ ಸುಳ್ಳು ಹೇಳಿದಳು?

ಏಪ್ರಿಲ್ 3, ಗುರುವಾರ

ಅಣ್ಣ ಬಂದ. ಎಲ್ಲ ಮುಗಿಯಿತು.

ಏಪ್ರಿಲ್ 6, ಭಾನುವಾರ

ಅಣ್ಣ ಮೂರು ದಿನದಿಂದ ನಮ್ಮ ಹಜಾರದಲ್ಲಿ ಗೋಡೆಗೆ ಒರಗಿ ಕೂತಿದ್ದಾನೆ. ಅಷ್ಟೆತ್ತರದ ಆಳು ಇಷ್ಟು ಸಣ್ಣಗೆ ಕಾಣಬಹುದೆಂದು ನಾನು ಅಂದುಕೊಂಡಿರಲಿಲ್ಲ. ಇವತ್ತು ಬಾಯಿ ಬಿಟ್ಟ.

"ಅವಳ ಫೋನ್ ನಿನ್ನ ಹತ್ರ ಇದೆಯಾ?"

"ಇದೆ. ಯಾಕೆ?"

"ಹಿಂದಿನದೆಲ್ಲ ನನ್ನ ಹತ್ರಾನೂ ಇದೆ. ಕೊನೇದು ಮಾತ್ರ ತೋರಿಸ್ತೀಯಾ? ಏನೋ ಬರೆದು ಕಳಿಸದೆ ಇಟ್ಟಿರ್ತಾಳೇನೋ ಅಂತ."

ಚಾರ್ಜ್ ಹೋಗಿದೆ, ನಾಳೆ ತೋರಿಸುತ್ತೇನೆ ಎಂದೆ. ಅವನು ಸ್ನಾನಕ್ಕೆ ಹೋದಾಗ ಬೀರುವಿನಿಂದ ಫೋನ್ ತೆಗೆದೆ. ಪಿನ್ ಸೇತುವೆ ಜೋಡಿಸುವಾಗ ಅವಳೇ ಹೇಳಿದ್ದಳು. ಅವಳು ಶನಿವಾರ ಬರೆದದ್ದು ಅಲ್ಲಿ ಹಾಗೇ ಇತ್ತು. ಒಂದು ಮಾತು ಹೇಳು, ಸಾಕು.

ಇದನ್ನು ಅಣ್ಣ ನೋಡಿದರೆ ಬದುಕುವುದಿಲ್ಲ. ಒಂದು ಮಾತಿಗೆ ನಿಂತಿದ್ದ ಜೀವ ಎಂದು ಗೊತ್ತಾದರೆ ಜೀವಮಾನವಿಡೀ ಕೊರಗುತ್ತಾನೆ. ಆ ಮಾತನ್ನು ಅವನು ಹೇಳಿದ್ದ, ನಿಜ. ಅದನ್ನೆಲ್ಲ ಈಗ ಬಿಡಿಸಿ ಹೇಳುತ್ತಾ ಕೂತರೆ ಯಾರಿಗೆ ಏನು ಲಾಭ? ಹೋದವಳು ಬರುತ್ತಾಳೆಯೇ? ಎರಡು ಸಲ ಓದಿ, ಅಳಿಸಿದೆ. ಅವನಿಗೋಸ್ಕರವೇ ಅಳಿಸಿದೆ.

ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ತಿರುಗಿ ಒಳಗೆ ಹೋದರು. ಊಟಕ್ಕೆ ಕರೆದರೂ ಬರಲಿಲ್ಲ.

ಏಪ್ರಿಲ್ 8, ಮಂಗಳವಾರ

ಅಣ್ಣ ಹೊರಟ. ಬಸ್ ನಿಲ್ದಾಣದವರೆಗೆ ನಾನೇ ಹೋದೆ. ನಿನ್ನೆಯೂ ಸಬೂಬು ಹೇಳಿ ತಪ್ಪಿಸಿಕೊಂಡಿದ್ದೆ, ಇವತ್ತು ಬೆಂಚಿನ ಮೇಲೆ ಕೂತು ಮತ್ತೆ ಕೇಳಿದ. ಫೋನ್ ಅವನ ಕೈಗೆ ಕೊಡಲಿಲ್ಲ, ನಾನೇ ಹಿಡಿದು ತೋರಿಸಿದೆ. ಮೆಸೇಜ್ ಬಂದ ದಿನ, ಹೊತ್ತು ಬರೆದಿರುವ ಜಾಗದ ಮೇಲೆ ನನ್ನ ಹೆಬ್ಬೆರಳಿತ್ತು. ಅವನು ಬಗ್ಗಿ ನೋಡಿದ. ಕೊನೆಯಲ್ಲಿ ಇದ್ದದ್ದು ಅವನದೇ ಮಾತು. ಬರಲಾ? ಅದರ ಕೆಳಗೆ ಖಾಲಿ.

"ಏನೂ ಬರೆದಿಲ್ಲ," ಎಂದ.

"ಇಲ್ಲ."

"ಶನಿವಾರಾನೇ ಓದಿದ ಗುರುತು ಬಂದಿತ್ತು ಕಣೇ. ಟಿಕೆಟ್ ಜೇಬಲ್ಲಿಟ್ಕೊಂಡು ಮಂಗಳವಾರದವರೆಗೂ ಕಾದೆ. ಬಾ ಅಂತ ಒಂದು ಅಕ್ಷರ ಹಾಕಿದ್ರೆ ಸಾಕಿತ್ತು. ಅಷ್ಟೂ ಹಾಕಲಿಲ್ಲ. ಸಾಯೋಕೆ ತಯಾರಾದ್ಳು, ನನ್ನ ಕಿಡ್ನಿ ತಗೊಳ್ಳೋಕೆ ತಯಾರಾಗ್ಲಿಲ್ಲ. ಅಷ್ಟು ದ್ವೇಷ ಇತ್ತಾ ಅವಳಿಗೆ?"

"ಹಾಗಲ್ಲ ಅಣ್ಣ."

"ಮತ್ತೆ ಹೇಗೆ?"

ಗಂಟಲಿಗೆ ಬಂದಿತ್ತು, ದೇವರಾಣೆ ಬಂದಿತ್ತು. ಅಷ್ಟರಲ್ಲಿ ಬಸ್ಸು ಬಂದು ನಿಂತಿತು, ಜನ ನುಗ್ಗಿದರು. ಅವನು ಚೀಲ ಹೆಗಲಿಗೇರಿಸಿ ಹತ್ತಿದ. ಕಿಟಕಿಯಿಂದ ಕೈ ಚಾಚಿ ನನ್ನ ತಲೆ ಮುಟ್ಟಿದ.

"ಪಾಪ, ನಮ್ಮಿಬ್ಬರ ಮಧ್ಯೆ ನೀನೊಬ್ಬಳು ಎಷ್ಟು ಒದ್ದಾಡಿದೆ. ನೀನಾದ್ರೂ ಇದ್ದೀಯಲ್ಲ."

ಮನೆಗೆ ಬಂದೆ. ಮೂಲೆಯಲ್ಲಿ ಯಂತ್ರ ಓಡುತ್ತಲೇ ಇದೆ. ಗೇಟಿನಲ್ಲಿ ತಂಗಿಯ ಮೆಸೇಜ್ ಇನ್ನೂ ನಿಂತಿದೆ. ನಾನು ಅಳಿಸಿದ್ದು ಅವಳ ಫೋನಿನಿಂದ ಮಾತ್ರ. ಕೆಳಗೆ ಎರಡು ಗುಂಡಿ. ಈಗ ಒತ್ತಿದರೂ ಅಣ್ಣನಿಗೆ ಹೋಗಿ ತಲುಪುತ್ತದೆ. ದ್ವೇಷ ಇರಲಿಲ್ಲ ಎಂದು ಅವನಿಗೆ ಅವಳ ಬಾಯಿಂದಲೇ ತಿಳಿಯುತ್ತದೆ. ಬೆರಳು ಇಟ್ಟೆ ಕೂಡ. ಆದರೆ ಅವನು ದಾರಿಯಲ್ಲಿದ್ದಾನೆ, ಬಸ್ಸಿನಲ್ಲಿ ಗುರುತಿಲ್ಲದವರ ನಡುವೆ ಒಬ್ಬನೇ ಕೂತಿದ್ದಾನೆ. ಊರು ಮುಟ್ಟಲಿ. ಒಂದು ನಿದ್ದೆ ಮಾಡಲಿ.

ಏಪ್ರಿಲ್ 10, ಗುರುವಾರ

ಅಣ್ಣ ತಲುಪಿದನಂತೆ, ಅತ್ತಿಗೆ ಫೋನ್ ಮಾಡಿದ್ದರು. ಇವತ್ತೇ ಕೆಲಸಕ್ಕೆ ಹತ್ತಿದ್ದಾನೆ. ಅಷ್ಟು ಎತ್ತರದಲ್ಲಿ ಕೂತಿರುವವನಿಗೆ ಇಂಥದ್ದನ್ನು ಕಳಿಸಬಾರದು. ಭಾನುವಾರ ಅವನಿಗೆ ರಜೆ. ಭಾನುವಾರ ನೋಡೋಣ.